ಎರಡು ಅಡಿ ಒಂಬತ್ತು ಇಂಚು

ಮರೋಳಿಯ ಈ ಮನೆ ಕೊಂಡಾಗ ಕ್ರಯಪತ್ರದಲ್ಲಿ
ತೆಂಗಿನ ಮರ ಮೂರು, ಬಾವಿ ಒಂದು, ಪಂಪು ಒಂದು,
ಪಶ್ಚಿಮಕ್ಕೆ ಮುರಕಲ್ಲಿನ ಪಾಗಾರ ಎಂದು ಬರೆದಿತ್ತು.
ರೆಂಜೆಯ ಸುದ್ದಿ ಇರಲಿಲ್ಲ.
ಆಗ ಅದು ನನ್ನ ಭುಜಕ್ಕಿಂತ ತುಸು ಮೇಲೆ,
ಹಾಜರಿಯಲ್ಲಿ ಹೆಸರು ಬಿಟ್ಟುಹೋದ ಹುಡುಗನ ಹಾಗೆ
ಗೋಡೆಗೆ ಬೆನ್ನು ಕೊಟ್ಟು ನಿಂತಿತ್ತು.

ಸರ್ವೆ ಇಲಾಖೆಯಲ್ಲಿ ಮೂವತ್ತೊಂದು ವರ್ಷ
ಊರವರ ಗಡಿಗೆಲ್ಲ ಸರಪಳಿ ಎಳೆದ ನಾನು
ನನ್ನದೇ ಕೋಣೆಯ ಗೋಡೆಗೂ ಆ ಕಾಂಡಕ್ಕೂ ನಡುವೆ
ಟೇಪು ಹಿಡಿದದ್ದು ಬಿರುಕು ಕಂಡ ಮೇಲೆ:
ಎರಡು ಅಡಿ ಒಂಬತ್ತು ಇಂಚು.

ಬಿರುಕು ಕಿಟಕಿಯ ಮೂಲೆಯಿಂದ ಹೊರಟು
ಕ್ಯಾಲೆಂಡರಿನ ಹಿಂದೆ ಹೋಗಿ ಅಡಗಿತ್ತು.
ಎರಡು ವರ್ಷ ನಾವೂ ಕ್ಯಾಲೆಂಡರನ್ನು
ಸ್ವಲ್ಪ ಸ್ವಲ್ಪವೇ ಎಡಕ್ಕೆ ಸರಿಸಿದೆವು.

ನೆಟ್ಟವಳು ಜಲಜಾಕ್ಷಿಯಕ್ಕ. ನಮಗೆ ಮನೆ ಮಾರಿ
ಪಡೀಲಿನಲ್ಲಿ ತಂಗಿಯ ಜೊತೆ ಇರುವವಳು.
ಮಾರ್ಚ್ ಬಂತೆಂದರೆ ಬೆಳಗಿನ ಆರೂಕಾಲರ ಬಸ್ಸಿಗೆ
ಐಸ್‌ಕ್ರೀಮಿನ ಹಳೆ ಡಬ್ಬಿ ಹಿಡಿದು ಬರುತ್ತಾಳೆ,
ಗೇಟು ತಾನೇ ತೆರೆದು, ಕೇಳದೆ, ಕರೆಯದೆ,
ಕೂತು ಹೆಕ್ಕುತ್ತಾಳೆ. ಹೂವಿಗೆ ಕಸ ಹತ್ತದಿರಲಿ ಎಂದು
ಹಿಂದಿನ ಸಂಜೆಯೇ ನನ್ನ ಹೆಂಡತಿ ಗುಡಿಸಿಡುತ್ತಾಳೆ.
ಇದೂ ಪತ್ರದಲ್ಲಿ ಬರೆಯದ ಕರಾರು.

"ಇಷ್ಟು ಹತ್ತಿರ ಯಾಕೆ ನೆಟ್ಟಿರಿ?" ಕೇಳಿದ್ದೆ ಒಮ್ಮೆ,
ದಂಬೆಯಲ್ಲಿ ಎಲೆ ಕಟ್ಟಿ ನೀರು ಒಳಗಿಳಿದ ವರ್ಷ.
"ದೂರ ನೆಟ್ಟರೆ ಪರಿಮಳ ಒಳಗೆ ಬರುವುದು ಹೇಗೆ ಮಾರಾಯ್ರೆ?
ಆ ಕಿಟಕಿಯ ಕೆಳಗೆ ಕೂತು ಬೀಡಿ ಕಟ್ಟಿದವಳು ನಾನು,
ದಿನಕ್ಕೆ ಸಾವಿರ. ಹೊಗೆಸೊಪ್ಪಿನ ಘಾಟು
ಅನ್ನಕ್ಕೂ ಹತ್ತುತ್ತಿತ್ತು, ಮಗುವಿನ ತಲೆಗೂ.
ನರ್ಸರಿಯವ ಹೇಳಿದ, ಇದು ನಿಧಾನದ ಜಾತಿ,
ಮರ ಆಗುವಾಗ ನೀವು ಇರುವುದಿಲ್ಲ ಅಂತ.
ಇದ್ದೇನಲ್ಲ!" ನಕ್ಕಳು.
ಅದು ಹೂ ಬಿಟ್ಟದ್ದು ನಾವು ಬಂದ ಆರನೇ ವರ್ಷ.
ಅಷ್ಟರಲ್ಲಿ ಅವಳು ಬೀಡಿಯನ್ನೂ ಬಿಟ್ಟಿದ್ದಳು, ಮನೆಯನ್ನೂ.

ಕಡಿಯಲು ಬಂದ ಲೋಕಯ್ಯ ಕೊಡಲಿಯ ಬೆನ್ನಲ್ಲಿ
ಎರಡು ತಟ್ಟಿ ನೋಡಿ, "ಕಬ್ಬಿಣ" ಎಂದ.
"ಉರುಳಿದರೆ ಹಂಚಿನ ಮೇಲೆಯೇ. ಬೇರು ಮಾತ್ರ ಕಡಿಯುವ,
ಗೋಡೆ ಬದಿಯದ್ದು. ಕಣಿ ತೋಡಿ ತಗಡು ಇಳಿಸುವ."
"ಮರ ಉಳಿಯುತ್ತದಾ?"
"ಈಗ ಹೇಳಲಿಕ್ಕಾಗುವುದಿಲ್ಲ. ನಿಧಾನಕ್ಕೆ ಬೆಳೆಯುವಂಥದ್ದು
ಸಾಯುವುದೂ ನಿಧಾನಕ್ಕೆ. ಎರಡು ಮಳೆಗಾಲ ಹೋಗಲಿ."

ದೀಪಾವಳಿಯ ಮರುವಾರ ತೋಡಿದೆವು, ಸೊಂಟದ ಆಳ.
ತೋಳು ದಪ್ಪದ ಒಂದು ಬೇರು
ಪಂಚಾಂಗದ ಕಲ್ಲಿನವರೆಗೆ ಬಂದು, ತಾಗಿ, ನಿಂತು,
ಬಲಕ್ಕೆ ತಿರುಗಿ ಬಾವಿಯ ಕಡೆ ಹೋಗಿತ್ತು.
ಕಲ್ಲು ಕದಲಿರಲಿಲ್ಲ.
ಲೋಕಯ್ಯ ನನ್ನ ಮುಖ ನೋಡಿದ.
ಕಣಿ ತೋಡಿ ಆಗಿತ್ತು. ಕೂಲಿ ಮಾತಾಗಿತ್ತು.
"ಕಡಿ" ಎಂದೆ.

ತುಂಡೊಂದರ ಸಿಪ್ಪೆ ಸುಲಿದು ಮೂಸಿದೆ.
ಏನೂ ಇಲ್ಲ, ಹಸಿ ಮಣ್ಣು ಅಷ್ಟೆ.

ಈ ಮಾರ್ಚಿನಲ್ಲೂ ಬಂದಳು, ಮಂಡಿ ಹಿಡಿದು ಕೂತಳು.
ಗೋಡೆಗುಂಟ ಕೆಂಪಗೆ ಉಬ್ಬಿದ ಹೊಸ ಮಣ್ಣನ್ನು
ಅಂಗೈಯಲ್ಲಿ ಒಮ್ಮೆ ಸವರಿದಳು, ಕೇಳಲಿಲ್ಲ.
ಮೇಲೆ ನೋಡಿದಳು. ಕಿಟಕಿ ಬದಿಯ ಗೆಲ್ಲಿನಲ್ಲಿ
ಎಲೆ ಅರಶಿನಕ್ಕೆ ತಿರುಗಿತ್ತು.
ಡಬ್ಬಿ ಅಲುಗಿಸಿ, "ಈ ಸಲ ಕಮ್ಮಿ ಉಂಟು" ಎಂದಳು.

"ಕಳೆದ ಸಲವೂ ಇಷ್ಟೇ ಇತ್ತು" ಎಂದೆ,
ಪಹಣಿ ಓದುವ ಗಟ್ಟಿ ದನಿಯಲ್ಲಿ.
ನನ್ನ ಮೊದಲ ಸುಳ್ಳಳತೆ ಏನಲ್ಲ ಇದು.
ಒಳಗೆ ಬಿರುಕು ಕ್ಯಾಲೆಂಡರಿನಿಂದ
ಮತ್ತೆ ಕಾಲಿಂಚು ಹೊರಗೆ ಬಂದಿದೆ.

ಹೋಗುವಾಗ ಎಂದಿನಂತೆ, ಕಿಟಕಿಯ ಸರಳುಗಳ ನಡುವೆ
ಕೈ ತೂರಿಸಿ ಒಂದು ಹಿಡಿ ಹೂ ಒಳಗೆ ಸುರಿದಳು.
ಎಂದಿಗಿಂತ ಚಿಕ್ಕ ಹಿಡಿ.